ಕಚ್ಚಾ ಹೊಲಿಗೆ

ತಮ್ಮನ ಮಗಳು ಧನ್ವಿತಾ, ಶಾಲೆ ಬಿಟ್ಟವಳೇ ಬಂದಳು
ಬ್ರಹ್ಮಾವರದ ಬಸ್‌ಸ್ಟ್ಯಾಂಡಿನ ಹಿಂದಿನ ನನ್ನ ಅಂಗಡಿಗೆ.
"ಅತ್ತೆ, ಒಂದು ಬಾವುಟ ಬೇಕು. ನೀಲಿ, ಬಿಳಿ, ಕೆಂಪು,
ಉದ್ದುದ್ದ ಮೂರು ಪಟ್ಟಿ.
ಬಿಳಿಯನ್ನು ಮಾತ್ರ ಸಡಿಲ ಹೊಲಿ.
ಸ್ಟೇಜಿನ ಮೇಲೆ ಎಲ್ಲರೆದುರು ನಾನದನ್ನು ಹರಿಯಬೇಕು."

ಮೂವತ್ತೊಂದು ವರ್ಷದ ಮಿಷನ್ನು ನನ್ನದು.
ಹರಿಯದ ಹಾಗೆ ಹೊಲಿ ಎಂದವರೇ ಇಲ್ಲಿಯವರೆಗೆ ಎಲ್ಲರೂ:
ಯೂನಿಫಾರಮ್ಮಿನ ಮೊಣಕಾಲು, ಮೀನಿನವರ ಚೀಲ,
ಬಸುರಿಯರ ರವಿಕೆಗೆ ಎರಡು ಬೆರಳು ಒಳಮಡಿಕೆ.
ಹರಿಯಲೆಂದೇ ಹೊಲಿಯುವುದು ಹೇಗೆ ಮಗಾ?

ಮೇಜಿನ ಮೇಲೆ ಕೂತು ಕಾಲಾಡಿಸುತ್ತ ಹೇಳಿದಳು:
ಹೈಟಿ ಅಂತ ದ್ವೀಪ. ಕಬ್ಬು.
ಹಡಗಿನಲ್ಲಿ ತುಂಬಿ ತಂದ ಜನ.
ಗಾಣಕ್ಕೆ ಬೆರಳು ಸಿಕ್ಕರೆ ತೋಳು ಕಡಿಯಲು
ಪಕ್ಕದಲ್ಲೇ ಒಂದು ಕತ್ತಿ.
ಆಗಸ್ಟಿನ ಒಂದು ರಾತ್ರಿ ಕಾಡಿನಲ್ಲಿ ಸೇರಿದರಂತೆ,
ಗುಡುಗು, ಮಳೆ; ಹೆಂಗಸೊಬ್ಬಳು ಎದ್ದು ನಿಂತಳಂತೆ.
ಎರಡು ವಾರದೊಳಗೆ ಬಯಲಿಗೆ ಬಯಲೇ ಬೆಂಕಿ.

ಕಬ್ಬಿನ ಗರಿ ನನಗೆ ಗೊತ್ತು.
ಇಲ್ಲಿಯ ಸಕ್ಕರೆ ಫ್ಯಾಕ್ಟರಿ ಮುಚ್ಚುವ ಮೊದಲು
ಅಪ್ಪ ಕಡಿದು ಬರುತ್ತಿದ್ದ, ಅಂಗೈ ತುಂಬ ಗೀರು.
ಅಮ್ಮ ಎಣ್ಣೆ ಸವರುತ್ತ ಕೇಳುತ್ತಿದ್ದಳು,
"ಇದರಲ್ಲಿ ನಿಮ್ಮ ಆಯುಷ್ಯದ ಗೆರೆ ಯಾವುದು?"

"ಅವರಲ್ಲಿ ಕೆಲವರಿಗೆ ಹುಟ್ಟಿದ ವಾರವೇ ಹೆಸರಂತೆ ಅತ್ತೆ,
ನಗು ಬರ್ತದಲ್ವಾ?"
ಕತ್ತರಿ ಕೆಳಗಿಟ್ಟೆ.
ನಿನ್ನ ಮುತ್ತಜ್ಜ ತುಕ್ರ. ಅವನ ತಮ್ಮ ಐತ. ಹೆಂಡತಿ ಅಂಗಾರು.
ಶುಕ್ರವಾರ, ಆದಿತ್ಯವಾರ, ಮಂಗಳವಾರ.
ಅವನ ಅಜ್ಜನೂ ತುಕ್ರನೇ.
ಆ ತುಕ್ರನ ಕಾಲದ ಅಡವುಪತ್ರ ಧಣಿಗಳ ಪೆಟ್ಟಿಗೆಯಲ್ಲಿತ್ತು,
ಅಪ್ಪ ಒಮ್ಮೆ ಯಾರಿಂದಲೋ ಓದಿಸಿ ಕೇಳಿದ್ದ:
ನೇಗಿಲು ಎರಡು. ಕೋಣ ಒಂದು ಜೊತೆ, ಹೆಸರು ಕಾಟಿ, ಬೊಳ್ಳ.
ಮೂಲದಾಳು ಗಂಡು ಒಂದು, ಹೆಣ್ಣು ಒಂದು.
ಕೋಣಗಳ ಹೆಸರಿತ್ತು.

"ನಮ್ಮವರು ಬೆಂಕಿ ಹಚ್ಚಲಿಲ್ಲವಾ?"
ಗೊತ್ತಿಲ್ಲ ಮಗಾ. ಯಾರೂ ಬರೆದಿಟ್ಟಿಲ್ಲ.
ಒಬ್ಬ ರಾತ್ರೋರಾತ್ರಿ ಸೀತಾ ಹೊಳೆ ಈಜಿ ದಾಟಿದನಂತೆ,
ಆ ದಡದಲ್ಲಿ ಹೆಸರು ಬದಲಿಸಿಕೊಂಡನಂತೆ.
ನಮ್ಮದು ಅಷ್ಟೇ. ಅದೂ 'ಅಂತೆ'.

"ಅವರು ಗೆದ್ದರು ಅತ್ತೆ.
ಒಡೆಯರ ಬಾವುಟದ ನಡುವಿನ ಬಿಳಿ ಕಿತ್ತೆಸೆದು
ಉಳಿದೆರಡನ್ನು ಒಬ್ಬಳು ಕೂಡಿಸಿ ಹೊಲಿದಳಂತೆ.
ಆಮೇಲೆ ಒಡೆಯರು ಫಿರಂಗಿ ಹಡಗು ತಂದು ಲೆಕ್ಕ ಕೇಳಿದರು:
ನಾವು ಕಳೆದುಕೊಂಡ ಆಳುಗಳ ಬೆಲೆ ಕೊಡಿ.
ಕೊಟ್ಟು ಕೊಟ್ಟು ಸಾಲ ಪೂರಾ ತೀರಿದ್ದು
ಸಾವಿರದ ಒಂಬೈನೂರ ನಲವತ್ತೇಳರಲ್ಲಿ."

ನಲವತ್ತೇಳು.
ಇಲ್ಲಿ ಮಿಠಾಯಿ ಹಂಚಿದ ವರ್ಷ.
ಈ ಮಿಷನ್ನಿಗೆ ಮೂವತ್ತಾರು ತಿಂಗಳು ಕಂತು ಕಟ್ಟಿದ್ದೆ,
ಕೊನೆಯ ಕಂತಿನ ದಿನ ಅದಕ್ಕೊಂದು ಮೊಳ ಮಲ್ಲಿಗೆ ಮುಡಿಸಿದ್ದೆ.
ಸ್ವಂತ ಮೈಯನ್ನೇ ಕಂತಿನಲ್ಲಿ ಕೊಂಡವರು
ಕೊನೆಯ ರಸೀದಿ ಬಂದ ದಿನ
ಹೂವನ್ನು ಯಾವುದಕ್ಕೆ ಮುಡಿಸಿದರೋ.

ರಾತ್ರಿ ಕೂತು ಹೊಲಿದೆ. ಕಚ್ಚಾ ಹೊಲಿಗೆ, ಅಗಲಗಲ ಟಾಕೆ.
ಕೈ ಮಾತ್ರ ಕೇಳಲಿಲ್ಲ.
ಅಂಚಿಗೆ ಬಂದದ್ದೇ ಹಿಂದೆ ಮುಂದೆ ಎರಡು ಸಲ ಓಡಿಸಿ
ಬಿಗಿ ಮಾಡಿಯೇಬಿಟ್ಟಿತು, ಹಳೇ ಚಾಳಿ.

ಶನಿವಾರ ಶಾಲೆಯ ಅಂಗಳದಲ್ಲಿ
ಅವಳು ಎಳೆದಳು. ಬರಲಿಲ್ಲ.
ಮತ್ತೆ ಎಳೆದಳು. ಹಿಂದಿನ ಬೆಂಚು ನಕ್ಕಿತು,
ಹಾಡು ಹಾಕಲಾ ಎಂದು ಮೈಕಿನವ ಮಾಸ್ಟ್ರ ಮುಖ ನೋಡಿದ.
ಕಂಬಕ್ಕೊರಗಿದ್ದ ನಾನು ಕುಗ್ಗಿಹೋದೆ.

ಬಾವುಟವನ್ನು ಬಾಯಿಗೆ ತಂದಳು ಹುಡುಗಿ,
ನನ್ನ ಗಂಟನ್ನು ಹಲ್ಲಿನಿಂದ ಕಡಿದಳು.

ಬಟ್ಟೆ ಹರಿಯುವ ಸದ್ದು
ದಿನಕ್ಕೆ ಐವತ್ತು ಸಲ ಕೇಳುವವಳು ನಾನು.
ಇದನ್ನು ಕೇಳಿರಲಿಲ್ಲ.

ಧಣಿಗಳ ಮನೆಯವರೂ ಇದ್ದರು ಮುಂದಿನ ಸಾಲಿನಲ್ಲಿ.
ಚಪ್ಪಾಳೆ ತಟ್ಟಿದರು, ಮನಸಾರೆ,
ಯಾವುದೋ ದೂರದ ದೇಶದ ಕಥೆಯೆಂದು.